ಸೈನ್ ಮೂವತ್ತು ಎಂದರೆ ಎಷ್ಟು?

ತ್ರಿಕೋನಮಿತಿ ಎಂಬ ಹೆಸರನ್ನು ಕೇಳಿದೊಡನೆಯೇ ನಮ್ಮಲ್ಲಿ ಅನೇಕರ ಮುಖ ಬಾಡುವುದುಂಟು. ಸೈನ್ ಸೊನ್ನೆ ಎಂದರೆ ಸೊನ್ನೆ, ಸೈನ್ ಮೂವತ್ತು ಎಂದರೆ ಅರ್ಧ, ಸೈನ್ ತೊಂಬತ್ತು ಎಂದರೆ ಒಂದು ಎಂದು ಹೈಸ್ಕೂಲಿನಲ್ಲಿ ಮಗ್ಗಿಯಂತೆ ಉರುಹೊಡೆದು, ಪರೀಕ್ಷೆ ಮುಗಿದ ಮರುದಿನವೇ ಮರೆತವರು ಬಹಳ ಮಂದಿ. ಆದರೆ ಸೈನ್ ಮೂವತ್ತು ಎಂದರೆ ನಿಜವಾಗಿಯೂ ಅರ್ಧವೆ? ಒಂದು ಕ್ಯಾಲ್ಕುಲೇಟರನ್ನು ಕೇಳಿದರೆ ಅದು 0.5 ಎನ್ನುತ್ತದೆ. ಪಕ್ಕದವನ ಕ್ಯಾಲ್ಕುಲೇಟರು ಅದೇ ಪ್ರಶ್ನೆಗೆ ಋಣ 0.988 ಎನ್ನಬಹುದು. ವಿಚಿತ್ರವೆಂದರೆ ಎರಡೂ ಸರಿಯಾದ ಉತ್ತರಗಳೇ! ನನ್ನ ಸಹಪಾಠಿಯೊಬ್ಬ ಇದನ್ನು ಕಂಡು, “ಈ ಗಣಿತ ನಮ್ಮಂಥ ಮನೆಗಳಿಂದ ಬಂದವರಿಗಲ್ಲ” ಎಂದು ಹೇಳಿ ವಿಷಯವನ್ನೇ ಬದಲಾಯಿಸಿಕೊಂಡನು. ಅವನ ಮಾತು ಸರಿಯಲ್ಲವೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಸೈನ್, ಕೊಸೈನ್‌ಗಳೆಂದರೆ ಏನೆಂಬುದನ್ನು ನೋಡೋಣ. ನಮ್ಮ ತಂದೆಯವರು ಗಾರೆ ಕೆಲಸದವರು; ಶಾಲೆಯ ಮೆಟ್ಟಿಲನ್ನು ಹತ್ತಿದವರಲ್ಲ. ಆದರೆ ಗೋಡೆಗೆ ಏಣಿಯನ್ನು ಒರಗಿಸುವಾಗ ಅದರ ಬುಡವನ್ನು ಎಷ್ಟು ದೂರದಲ್ಲಿ ಇಡಬೇಕೆಂಬುದನ್ನು ಕಣ್ಣಳತೆಯಲ್ಲಿಯೇ ಹೇಳಬಲ್ಲರು. ಹತ್ತು ಅಡಿಯ ಏಣಿಯ ಬುಡ ಗೋಡೆಯಿಂದ ಐದು ಅಡಿ ದೂರದಲ್ಲಿದೆಯೆಂದು ಇಟ್ಟುಕೊಳ್ಳೋಣ. ಆಗ ಏಣಿಯು ನೆಲದೊಡನೆ 60 ಡಿಗ್ರಿಯ ಕೋನವನ್ನು ಮಾಡುತ್ತದೆ. ಏಣಿ ಇಪ್ಪತ್ತು ಅಡಿಯದಾದರೆ, ಅದೇ ಓರೆಯಲ್ಲಿ ನಿಲ್ಲಿಸಲು ಬುಡವನ್ನು ಹತ್ತು ಅಡಿ ದೂರ ಸರಿಸಬೇಕು. ಏಣಿ ಎಷ್ಟೇ ಉದ್ದವಿರಲಿ, ಓರೆ ಒಂದೇ ಆದರೆ ಬುಡದ ದೂರಕ್ಕೂ ಏಣಿಯ ಉದ್ದಕ್ಕೂ ಇರುವ ಅನುಪಾತ ಒಂದೇ. ಈ ಅನುಪಾತವೇ ಆ ಕೋನದ ಕೊಸೈನ್. ಗೋಡೆಯ ಮೇಲೆ ಏಣಿ ತಲುಪಿದ ಎತ್ತರಕ್ಕೂ ಏಣಿಯ ಉದ್ದಕ್ಕೂ ಇರುವ ಅನುಪಾತವೇ ಸೈನ್. ನಮ್ಮ ತಂದೆಯವರಿಗೆ ಈ ಹೆಸರುಗಳು ತಿಳಿಯವು, ವಸ್ತು ತಿಳಿದಿದೆ. ನಮಗೆ ಹೆಸರು ತಿಳಿದಿದೆ. ವಸ್ತು ತಿಳಿದಿದೆಯೆ ಎಂಬುದೇ ಪ್ರಶ್ನೆ.

60 ಡಿಗ್ರಿಯ ಕೊಸೈನ್ ಅರ್ಧವೇ ಏಕೆ? ಮೂರು ಬಾಹುಗಳೂ ಸಮನಾಗಿರುವ ಒಂದು ತ್ರಿಭುಜವನ್ನು ಬರೆಯಿರಿ. ಅದರ ಪ್ರತಿ ಕೋನವೂ 60 ಡಿಗ್ರಿ. ತುದಿಯಿಂದ ನೇರವಾಗಿ ಕೆಳಕ್ಕೆ ಸೀಳಿದರೆ ತಳದ ಬಾಹು ಎರಡು ಸಮಭಾಗವಾಗುತ್ತದೆ. ಹೀಗೆ ದೊರೆತ ಲಂಬಕೋನ ತ್ರಿಭುಜದಲ್ಲಿ ತಳವು ವಿಕರ್ಣದ ಅರ್ಧ. ಇದರಲ್ಲಿ ಬಾಯಿಪಾಠ ಮಾಡಬೇಕಾದುದು ಏನೂ ಇಲ್ಲ. ತುದಿಯಲ್ಲಿ ಉಳಿದ ಕೋನ 30 ಡಿಗ್ರಿಯಷ್ಟೆ. ಅದಕ್ಕೆ ಎದುರಾಗಿರುವುದು ಅದೇ ಅರ್ಧ ತಳ. ಆದುದರಿಂದ 30 ಡಿಗ್ರಿಯ ಸೈನ್ ಕೂಡ ಅರ್ಧವೇ. ಒಂದು ಕೋನದ ಸೈನ್, ತೊಂಬತ್ತಕ್ಕೆ ಕಡಿಮೆಯಾದ ಇನ್ನೊಂದು ಕೋನದ ಕೊಸೈನ್ ಆಗುವುದು ಹೀಗೆ.

ಈಗ ಡಿಗ್ರಿಯ ಮಾತಿಗೆ ಬರೋಣ. ಪೂರ್ಣವೃತ್ತಕ್ಕೆ 360 ಡಿಗ್ರಿ ಎಂದು ವೃತ್ತವೇನೂ ನಮಗೆ ಹೇಳಿಲ್ಲ. ಅರವತ್ತರ ಲೆಕ್ಕದಲ್ಲಿ ಎಣಿಸುತ್ತಿದ್ದ ಬ್ಯಾಬಿಲೋನಿನ ಪ್ರಾಚೀನ ಖಗೋಳಜ್ಞರಿಂದ ನಮಗೆ ಬಂದ ವಿಭಾಗ ಅದು. 360ನ್ನು ಎರಡು, ಮೂರು, ನಾಲ್ಕು, ಐದು, ಆರರಿಂದ ಶೇಷವಿಲ್ಲದೆ ಭಾಗಿಸಬಹುದಾದುದರಿಂದ ವ್ಯವಹಾರಕ್ಕೆ ಅದು ಬಹಳ ಅನುಕೂಲ. ಆದರೂ ಅದು ಮನುಷ್ಯರು ಮಾಡಿಕೊಂಡ ಒಪ್ಪಂದವೇ ಹೊರತು ವೃತ್ತದ ಗುಣವಲ್ಲ.

ಹಾಗಾದರೆ ವೃತ್ತಕ್ಕೆ ತನ್ನದೇ ಆದ ಅಳತೆ ಇದೆಯೆ? ಇದೆ. ಊಟದ ತಟ್ಟೆಯೊಂದನ್ನೂ ಒಂದು ದಾರವನ್ನೂ ತೆಗೆದುಕೊಳ್ಳಿ. ತಟ್ಟೆಯ ನಡುವಿನಿಂದ ಅಂಚಿನವರೆಗೆ, ಅಂದರೆ ತ್ರಿಜ್ಯದಷ್ಟು ಉದ್ದಕ್ಕೆ, ದಾರವನ್ನು ಕತ್ತರಿಸಿ. ಆ ತುಂಡನ್ನು ತಟ್ಟೆಯ ಅಂಚಿನ ಮೇಲೆ ಬಾಗಿಸಿ ಇಡಿ. ಅದು ಆವರಿಸಿದ ಕಂಸದ ಎರಡು ತುದಿಗಳಿಂದ ಕೇಂದ್ರಕ್ಕೆ ಗೆರೆ ಎಳೆದರೆ ಆಗುವ ಕೋನವೇ ಒಂದು ರೇಡಿಯನ್. ತಟ್ಟೆ ದೊಡ್ಡದಿರಲಿ ಚಿಕ್ಕದಿರಲಿ, ಈ ಕೋನ ಬದಲಾಗದು. ಅದು ಸುಮಾರು 57.3 ಡಿಗ್ರಿ. ಅಂಚಿನ ಸುತ್ತಲೂ ದಾರವನ್ನು ಇಡುತ್ತ ಹೋದರೆ ಆರು ಸಲ ಪೂರ್ತಿಯಾಗಿ ಹಿಡಿದು, ಇನ್ನೂ ಸ್ವಲ್ಪ ಜಾಗ ಉಳಿಯುತ್ತದೆ. ಲೆಕ್ಕಕ್ಕೆ 6.2832 ಸಲ, ಇದೇ ಎರಡು ಪೈ. ಆದುದರಿಂದ 180 ಡಿಗ್ರಿ ಎಂದರೆ ಪೈ ರೇಡಿಯನ್. 30 ಡಿಗ್ರಿ ಎಂದರೆ ಅದರ ಆರನೆಯ ಒಂದು ಭಾಗ, ಅಂದರೆ 0.5236 ರೇಡಿಯನ್.

ಇನ್ನು ಆ ಎರಡು ಉತ್ತರಗಳ ಒಗಟು ಬಿಡಿಸುವುದು ಸುಲಭ. ತ್ರಿಜ್ಯ ಒಂದು ಇರುವ ವೃತ್ತದ ಅಂಚಿನಲ್ಲಿ, ಬಲತುದಿಯಿಂದ ಮೇಲ್ಮುಖವಾಗಿ ಒಂದು ಇರುವೆ ಹೊರಟಿದೆಯೆಂದು ಭಾವಿಸಿ. ಕೇಂದ್ರದ ಮಟ್ಟದಿಂದ ಅದು ಎಷ್ಟು ಎತ್ತರದಲ್ಲಿದೆ ಎಂಬುದು ಸೈನ್. ಕೇಂದ್ರದಿಂದ ಎಷ್ಟು ಬಲಕ್ಕಿದೆ ಎಂಬುದು ಕೊಸೈನ್. ಕೆಳಗಿದ್ದರೆ ಅಥವಾ ಎಡಕ್ಕಿದ್ದರೆ ಋಣಚಿಹ್ನೆ. 30 ಡಿಗ್ರಿ ಎಂದರೆ ಇರುವೆ ವೃತ್ತದ ಹನ್ನೆರಡನೆಯ ಒಂದು ಪಾಲನ್ನು ಮಾತ್ರ ನಡೆದಿದೆ, ಎತ್ತರ ಅರ್ಧ. 30 ರೇಡಿಯನ್ ಎಂದರೆ ಅದು ಮೂವತ್ತು ತ್ರಿಜ್ಯಗಳಷ್ಟು ದೂರ ನಡೆದಿದೆ. ನಾಲ್ಕು ಸುತ್ತು ಪೂರೈಸಿ, ಐದನೆಯ ಸುತ್ತಿನಲ್ಲಿ ಮುಕ್ಕಾಲು ಭಾಗವನ್ನು ಸ್ವಲ್ಪ ದಾಟಿದೆ. ಹೆಚ್ಚುಕಡಮೆ ವೃತ್ತದ ತಳದಲ್ಲಿಯೇ ಇದೆ. ಆದುದರಿಂದಲೇ ಋಣ 0.988. ತಪ್ಪು ಯಂತ್ರದಲ್ಲಿಲ್ಲ, ಅಳತೆಯ ಹೆಸರು ಹೇಳದೆ ಕೇಳಿದ ಪ್ರಶ್ನೆಯಲ್ಲಿದೆ. ‘ಊರು ಮೂವತ್ತು ದೂರ’ ಎಂದರೆ ಯಾರಿಗೆ ತಾನೆ ಅರ್ಥವಾದೀತು? ಮೈಲಿಯೊ, ಗಜವೊ?

ಡಿಗ್ರಿ ಇರುವಾಗ ರೇಡಿಯನ್ ಏತಕ್ಕೆಂದು ವಾಚಕರು ಕೇಳಬಹುದು. ಕಾರಣ ಇಷ್ಟೆ: ಕೋನ ಚಿಕ್ಕದಾಗಿದ್ದಾಗ ಕಂಸವೂ ಅದರ ಎತ್ತರವೂ ಬಹುಮಟ್ಟಿಗೆ ಒಂದೇ. ಒಂದು ಡಿಗ್ರಿ ಎಂದರೆ 0.017453 ರೇಡಿಯನ್, ಅದರ ಸೈನ್ 0.017452. ಕೋನವನ್ನು ರೇಡಿಯನ್ನಿನಲ್ಲಿ ಅಳೆದಾಗ ಮಾತ್ರ ಈ ಹೊಂದಾಣಿಕೆ ಕಾಣುತ್ತದೆ. ಸೈನನ್ನು ಲೆಕ್ಕಹಾಕುವ ಶ್ರೇಢಿಯೊಂದುಂಟು, ಕ್ರಿ.ಶ. 1400ರ ಸುಮಾರಿನಲ್ಲಿದ್ದ ಕೇರಳದ ಸಂಗಮಗ್ರಾಮದ ಮಾಧವನಿಗೆ ಅದರ ಕೀರ್ತಿ ಸಲ್ಲುತ್ತದೆ. ಕೋನದಿಂದ ಅದರ ಘನದ ಆರನೆಯ ಒಂದು ಭಾಗವನ್ನು ಕಳೆ, ಐದನೆಯ ಘಾತದ 120ನೆಯ ಒಂದು ಭಾಗವನ್ನು ಕೂಡಿಸು, ಹೀಗೆ ಮುಂದೆ. 0.5236ರಿಂದ 0.0239 ಕಳೆದು 0.0003 ಕೂಡಿಸಿದರೆ ಸರಿಯಾಗಿ 0.5000. ಅದೇ ಸೂತ್ರದಲ್ಲಿ ಡಿಗ್ರಿಯ 30ನ್ನೇ ಹಾಕಿದರೆ ಎರಡನೆಯ ಹೆಜ್ಜೆಯಲ್ಲಿಯೇ ಋಣ 4470 ಬಂದು ನಗೆಪಾಟಲಾಗುತ್ತದೆ.

ರೇಡಿಯನ್ ಎಂಬ ಹೆಸರು ಅಚ್ಚಿನಲ್ಲಿ ಮೊದಲು ಕಾಣಿಸಿಕೊಂಡುದು 1873ರಲ್ಲಿ, ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನಲ್ಲಿ ಜೇಮ್ಸ್ ಥಾಮ್ಸನ್ ಎಂಬವರು ಸಿದ್ಧಪಡಿಸಿದ ಪ್ರಶ್ನೆಪತ್ರಿಕೆಯಲ್ಲಿ. ಪ್ರಶ್ನೆಪತ್ರಿಕೆಗಳಿಂದಲೂ ಲೋಕಕ್ಕೆ ಉಪಕಾರವಾಗುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ! ಆದರೆ ಹೆಸರು ಹೊಸದಾದರೂ ಭಾವನೆ ಹಳೆಯದು. ಕ್ರಿ.ಶ. 499ರಲ್ಲಿ ಇಪ್ಪತ್ತಮೂರು ವರ್ಷದವನಾಗಿದ್ದ ಆರ್ಯಭಟನು ತನ್ನ ‘ಆರ್ಯಭಟೀಯ’ದಲ್ಲಿ ಜ್ಯಾಗಳ ಪಟ್ಟಿಯೊಂದನ್ನು ಕೊಟ್ಟಿದ್ದಾನೆ. ಡಿಗ್ರಿಗೆ 60 ಕಲೆಗಳಂತೆ ಪೂರ್ಣವೃತ್ತಕ್ಕೆ 21600 ಕಲೆಗಳು. ಕಂಸವನ್ನು ಅಳೆಯುವ ಈ ಕಲೆಯಿಂದಲೇ ತ್ರಿಜ್ಯವನ್ನೂ ಅಳೆದರೆ ಅದು 3438 ಆಗುತ್ತದೆ. ಕಂಸಕ್ಕೂ ತ್ರಿಜ್ಯಕ್ಕೂ ಒಂದೇ ಅಳತೆಗೋಲು! ರೇಡಿಯನ್ನಿನ ತಿರುಳು ಇದೇ ತಾನೆ? 3438 ಕಲೆಗಳನ್ನು 60ರಿಂದ ಭಾಗಿಸಿ ನೋಡಿ, 57.3 ಡಿಗ್ರಿ ಬರುತ್ತದೆ.

ಆರ್ಯಭಟನು ಕಾಲುವೃತ್ತವನ್ನು 24 ಭಾಗ ಮಾಡಿದನು. ಪ್ರತಿ ಭಾಗವೂ 225 ಕಲೆ. ಮೊದಲ ಜ್ಯಾ ಕೂಡ 225. ಕೋನ ಚಿಕ್ಕದಾದರೆ ಕಂಸವೂ ಸೈನೂ ಒಂದೇ ಎಂದು ಮೇಲೆ ಹೇಳಿದುದು ಇಲ್ಲಿಯೂ ಕಾಣುತ್ತದೆ. ಅನಂತರದ ಹೆಚ್ಚಳಗಳು 224, 222, 219, 215, 210, 205, 199. ಮೊದಲಿನ 225ನ್ನೂ ಸೇರಿಸಿ ಈ ಎಂಟನ್ನು ಕೂಡಿಸಿದರೆ 1719. ಇದು 3438ರ ನಿಖರವಾದ ಅರ್ಧ. ಎಂಟು ಭಾಗಗಳೆಂದರೆ ಸರಿಯಾಗಿ 30 ಡಿಗ್ರಿ. ನಾವು ಉರುಹೊಡೆದ ‘ಸೈನ್ ಮೂವತ್ತು ಅರ್ಧ’ ಸಾವಿರದ ಐನೂರು ವರ್ಷಗಳ ಹಿಂದಿನ ಪಟ್ಟಿಯಲ್ಲಿ ಹೀಗೆ ಕುಳಿತಿದೆ. ಈ ಕೂಡಿಕೆಯನ್ನು ನಾನೇ ಕಾಗದದ ಮೇಲೆ ಮಾಡಿ ನೋಡಿದಾಗ ಆದ ಸಂತೋಷ ಅಷ್ಟಿಷ್ಟಲ್ಲ.

ಜ್ಯಾ ಎಂದರೆ ಬಿಲ್ಲಿನ ಹೆದೆ. ಈ ಶಬ್ದ ಅರಬ್ಬರಲ್ಲಿಗೆ ಹೋಗಿ ‘ಜೀಬ’ ಆಯಿತು. ಅದನ್ನು ‘ಜೈಬ್’ ಎಂದು ಓದಿದವರು ಲ್ಯಾಟಿನ್ನಿಗೆ ‘ಸೈನಸ್’ ಎಂದು ಅನುವಾದ ಮಾಡಿದರು. ಅದೇ ಇಂದಿನ ಸೈನ್. ಇನ್ನೊಂದು ಸ್ವಾರಸ್ಯವೆಂದರೆ, ನಾವು ದಿನವೂ ಬಳಸುವ ‘ತ್ರಿಜ್ಯ’ ಎಂಬ ಮಾತಿನೊಳಗೇ ಸೈನ್ ಅಡಗಿದೆ. ಮೂರು ರಾಶಿಗಳ ಜ್ಯಾ ತ್ರಿಜ್ಯಾ. ರಾಶಿಗೆ 30 ಡಿಗ್ರಿ, ಮೂರಕ್ಕೆ 90. 90 ಡಿಗ್ರಿಯ ಜ್ಯಾ ವೃತ್ತದ ಪೂರ್ಣ ತ್ರಿಜ್ಯಕ್ಕೆ ಸಮ. ‘ಸೈನ್ ತೊಂಬತ್ತು ಒಂದು’ ಎಂಬ ಪಾಠವನ್ನು ನಮ್ಮ ಭಾಷೆಯೇ ಬಹುಕಾಲದಿಂದ ಹೇಳಿಕೊಡುತ್ತಿದೆ. ಕೇಳುವ ಕಿವಿ ಬೇಕು.

ಮನೆಯಲ್ಲಿ ಓದಿದವರಿರುವ ವಿದ್ಯಾರ್ಥಿ ಪಾಠ ಮರೆತರೆ ಅಣ್ಣನನ್ನೋ ತಂದೆಯನ್ನೋ ಕೇಳಬಹುದು. ಮೊದಲ ತಲೆಮಾರಿನಲ್ಲಿ ಕಾಲೇಜಿಗೆ ಬಂದ ನಮ್ಮಂಥವರಿಗೆ ಆ ಸೌಕರ್ಯವಿಲ್ಲ. ಆದುದರಿಂದಲೇ ಬಾಯಿಪಾಠಕ್ಕಿಂತ ಅರ್ಥವೇ ನಮಗೆ ಹೆಚ್ಚು ಅಗತ್ಯ. ಉರುಹೊಡೆದುದು ಮರೆತರೆ ಹೋದಂತೆಯೇ. ಅರ್ಥವಾದುದನ್ನು ಮರೆತರೂ ಒಂದು ತ್ರಿಭುಜವನ್ನು ಸೀಳಿ, ಒಂದು ತಟ್ಟೆಗೆ ದಾರ ಸುತ್ತಿ, ಮತ್ತೆ ಪಡೆದುಕೊಳ್ಳಬಹುದು. ಮುಂದಿನ ವರ್ಷ ಈ ವಿಷಯವನ್ನು ಆರಿಸಿಕೊಳ್ಳಲಿರುವ ಕಿರಿಯ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ: ಸೈನ್ ಮೂವತ್ತು ಎಷ್ಟೆಂದು ಯಾರಾದರೂ ಕೇಳಿದರೆ ಒಡನೆಯೇ ಉತ್ತರ ಹೇಳಬೇಡಿ. “ಯಾವ ಅಳತೆಯ ಮೂವತ್ತು?” ಎಂದು ಮೊದಲು ಕೇಳಿ. ಹಾಗೆ ಕೇಳಬಲ್ಲವನಿಗೆ ಗಣಿತ ಪರರ ಸೊತ್ತಲ್ಲ.