ರೇಷ್ಮೆಗೂಡಿನ ಪ್ರೋಟೀನಿನಿಂದ ವೈದ್ಯಕೀಯ ನ್ಯಾನೋ ಎಳೆಗಳು

ಮೇಲೂರು ಸೇರಿದಂತೆ ಶಿಡ್ಲಘಟ್ಟ ತಾಲ್ಲೂಕಿನ ಗ್ರಾಮಗಳಲ್ಲಿ ರೇಷ್ಮೆಗೂಡಿನ ಬೆಲೆ ಅದರಿಂದ ಬಿಚ್ಚಬಹುದಾದ ನೂಲನ್ನು ಅವಲಂಬಿಸಿದೆ. ತೂತು ಬಿದ್ದ ಅಥವಾ ಕತ್ತರಿಸಿದ ಗೂಡಿನಿಂದ ಅಖಂಡ ಎಳೆ ದೊರೆಯದು. ಆದ್ದರಿಂದ ಅದು ತ್ಯಾಜ್ಯದ ದರಕ್ಕೆ ಮಾರಾಟವಾಗುತ್ತದೆ. ಆದರೆ ಗಾಯದ ಪಟ್ಟಿ ತಯಾರಿಸಲು ಬೇಕಾಗಿರುವುದು ಅಖಂಡ ನೂಲಲ್ಲ, ನೂಲಿನೊಳಗಿನ ಪ್ರೋಟೀನ್.

ಗೂಡಿನ ಕವಚದಲ್ಲಿ ಸುಮಾರು ಶೇ. 70ರಿಂದ 75ರಷ್ಟು ಫೈಬ್ರಾಯಿನ್ ಇರುತ್ತದೆ; ಉಳಿದುದರಲ್ಲಿ ಹೆಚ್ಚಿನ ಭಾಗ ಸೆರಿಸಿನ್ ಎಂಬ ಅಂಟು. ಕವಚವನ್ನು ಚೂರು ಮಾಡಿ, ತಿಳಿಯಾದ ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಸುಮಾರು 30 ನಿಮಿಷ ಕುದಿಸಿದಾಗ ಅಂಟು ಬಿಡುತ್ತದೆ. ಹೆಚ್ಚು ಹೊತ್ತು ಕುದಿಸಿದರೆ ಫೈಬ್ರಾಯಿನ್ ಸರಪಳಿಗಳೇ ತುಂಡಾಗಿ ಎಳೆ ದುರ್ಬಲವಾಗುತ್ತದೆ. ಅನಂತರ ಅದನ್ನು ಲಿಥಿಯಂ ಬ್ರೋಮೈಡ್ ದ್ರಾವಣದಲ್ಲಿ ಕರಗಿಸಿ, ಲವಣವನ್ನು ಪೂರ್ಣವಾಗಿ ತೊಳೆದು ಒಣಗಿಸಲಾಗುತ್ತದೆ. ಒಣಗಿದ ಪ್ರೋಟೀನನ್ನು ಫಾರ್ಮಿಕ್ ಆಮ್ಲದಂತಹ ದ್ರಾವಕದಲ್ಲಿ ಕರಗಿಸಿ, ಸೂಜಿಯ ಮೂಲಕ ಹನಿಹನಿಯಾಗಿ ಹಾಯಿಸುತ್ತಾ ಸುಮಾರು 10ರಿಂದ 25 ಕಿಲೋವೋಲ್ಟ್ ವಿದ್ಯುತ್ ನೀಡಿದರೆ, ಹನಿಯು ಎಳೆದುಕೊಂಡು ಕೂದಲಿಗಿಂತ ನೂರಾರು ಪಟ್ಟು ತೆಳುವಾದ ಎಳೆಯಾಗಿ ಎದುರಿನ ತಟ್ಟೆಯ ಮೇಲೆ ಹರಡಿಕೊಳ್ಳುತ್ತದೆ. ಹೀಗೆ ದೊರೆತ ಹಾಳೆ ನೀರಿನಲ್ಲಿ ಕರಗದಂತೆ ಮಾಡಲು ಕೊನೆಯಲ್ಲಿ ಆಲ್ಕೊಹಾಲಿನ ಉಪಚಾರ ಅಗತ್ಯ.

ಈ ಹಾಳೆಯ ರಚನೆ ಚರ್ಮದ ಜೀವಕೋಶಗಳನ್ನು ಹಿಡಿದಿಡುವ ಸಹಜ ಜಾಲವನ್ನು ಹೋಲುತ್ತದೆ. ಗಾಳಿ ಆಡುತ್ತದೆ, ಗಾಯದ ತೇವ ಉಳಿಯುತ್ತದೆ, ಹೊಸ ಕೋಶಗಳು ಅಂಟಿಕೊಂಡು ಬೆಳೆಯುತ್ತವೆ, ಔಷಧವನ್ನೂ ಸೇರಿಸಬಹುದು. ಶಸ್ತ್ರಚಿಕಿತ್ಸೆಯಲ್ಲಿ ರೇಷ್ಮೆ ಹೊಲಿಗೆ ದಾರ ಬಹಳ ಹಿಂದಿನಿಂದಲೂ ಬಳಕೆಯಲ್ಲಿದೆ ಎಂಬುದು ಇಲ್ಲಿ ಸ್ಮರಣೀಯ.

ಇದನ್ನು ಮನೆಯಲ್ಲಿ ಕೈಗೊಳ್ಳುವಂತಿಲ್ಲ. ದ್ರಾವಕಗಳು ಅಪಾಯಕಾರಿ, ರೋಗಾಣುರಹಿತ ಕೊಠಡಿ ಹಾಗೂ ವೈದ್ಯಕೀಯ ಸಾಧನದ ಪರವಾನಗಿ ಕಡ್ಡಾಯ. ಬೇಡಿಕೆಯ ಪ್ರಮಾಣವನ್ನೂ ಗಮನಿಸಬೇಕು. ಒಂದು ಕಿಲೋ ಹಸಿ ದ್ವಿತಳಿ ಗೂಡಿನಲ್ಲಿ ಕವಚ ಸುಮಾರು 200 ಗ್ರಾಂ, ಅದರಲ್ಲಿ ಫೈಬ್ರಾಯಿನ್ ಸುಮಾರು 140ರಿಂದ 150 ಗ್ರಾಂ. ತೆಳು ಹಾಳೆಗಳಿಗೆ ಇಷ್ಟು ಪ್ರೋಟೀನ್ ಬಹಳ ಕಾಲ ಸಾಲುತ್ತದೆ. ಆದ್ದರಿಂದ ಬಿಚ್ಚಲು ಯೋಗ್ಯವಾದ ಗೂಡನ್ನು ಈ ಆಸೆಯಿಂದ ಕತ್ತರಿಸುವುದು ನಷ್ಟದ ಮಾತು. "ಮೆಡಿಕಲ್ ರೇಷ್ಮೆ"ಯ ಹೆಸರಿನಲ್ಲಿ ಮುಂಗಡ ಹಣ ಕೇಳುವವರ ಬಗ್ಗೆ ಎಚ್ಚರವಿರಲಿ.

ಇಂತಹ ಬಳಕೆಗೆ ಹೆಚ್ಚು ಸೂಕ್ತವಾದುದು ಬಿತ್ತನೆ ಕೇಂದ್ರಗಳಲ್ಲಿ ಕೋಶ ಹೊರತೆಗೆಯಲು ಕತ್ತರಿಸಿದ ಶುಭ್ರ ಗೂಡು. ಊಜಿ ನೊಣದ ಹುಳು ಕೊರೆದ ಗೂಡಿನ ಒಳಭಾಗ ಕೊಳೆತು ಕಲೆಯಾಗಿರುವುದರಿಂದ ಅದನ್ನು ಬೇರೆಯಾಗಿಯೇ ಇಡಬೇಕು. ಖರೀದಿದಾರರು ಲಿಖಿತ ಬೇಡಿಕೆಯೊಂದಿಗೆ ಬಂದಲ್ಲಿ, ಕತ್ತರಿಸಿದ ಗೂಡನ್ನು ತಳಿ ಹಾಗೂ ತಂಡದ ವಿವರದೊಂದಿಗೆ ಒಣ ಬಟ್ಟೆಯ ಚೀಲದಲ್ಲಿ, ಸುಣ್ಣ, ಬ್ಲೀಚಿಂಗ್ ಪುಡಿ ಮತ್ತು ಕೀಟನಾಶಕ ತಾಗದ ಸ್ಥಳದಲ್ಲಿ ಸಂಗ್ರಹಿಸಿಡಬಹುದು. ಹೆಚ್ಚಿನ ಮಾಹಿತಿಗೆ ಚಿಂತಾಮಣಿಯ ರೇಷ್ಮೆ ಕೃಷಿ ಮಹಾವಿದ್ಯಾಲಯವನ್ನು ಸಂಪರ್ಕಿಸಬಹುದು.