ಮೊದಲು ದೇಹ ಪೋಷಣೆ, ಆಮೇಲೆ ಹಾಲು

ಹೋದ ತಿಂಗಳು ಒಂದು ಮನೆಗೆ ಹಸು ನೋಡಲು ಹೋಗಿದ್ದೆ. ಮೇವು ಬಿಟ್ಟಿದೆ ಎಂದು ಬೆಳಿಗ್ಗೆ ಏಳಕ್ಕೇ ಫೋನ್ ಬಂದಿತ್ತು. ಹೆದರುವಂಥದ್ದೇನೂ ಇರಲಿಲ್ಲ, ಅಜೀರ್ಣ. ಔಷಧಿ ಕೊಟ್ಟು ಕೈ ತೊಳೆಯುವಾಗ ನೋಡಿದರೆ, ನೀರು ಹಾಕುತ್ತಿದ್ದ ಅಕ್ಕನ ಮುಖ ಬಿಳಿಚಿಕೊಂಡಿತ್ತು. ನಾಲ್ಕು ಹೆಜ್ಜೆಗೆ ಏದುಸಿರು.

"ರಕ್ತ ಪರೀಕ್ಷೆ ಯಾವಾಗ ಮಾಡಿಸಿದ್ರಿ ಅಕ್ಕ?"

"ನಂದಾ? ಚಿಕ್ಕೋನು ಹುಟ್ಟಿದಾಗ ಮಾಡಿದ್ರು ಸಾರ್."

ಚಿಕ್ಕವನು ಈಗ ಒಂಬತ್ತನೇ ಕ್ಲಾಸು. ಅದೇ ಹಸುವಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದ್ದು, ಜಂತುಹುಳುವಿನ ಔಷಧಿ ಕುಡಿಸಿದ್ದು, ಎಲ್ಲ ತಾರೀಖೂ ಅವರಿಗೆ ಬಾಯಿಪಾಠ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಹಸುವಿಗೆ ಪಶು ಆಹಾರದ ಲೆಕ್ಕ ಹಾಕುವಾಗ ಮೊದಲು ದೇಹ ಪೋಷಣೆಗೆಂದು 1.5ರಿಂದ 2 ಕೆ.ಜಿ. ಇಡುತ್ತೇವೆ, ಆಮೇಲೆ ಲೀಟರ್ ಹಾಲಿಗೆ 400 ಗ್ರಾಂ ಸೇರಿಸುತ್ತೇವೆ. ಮನೆಯ ಹೆಂಗಸರ ಲೆಕ್ಕದಲ್ಲಿ ಆ ಮೊದಲ ಭಾಗವೇ ಬಿಟ್ಟುಹೋಗಿರುತ್ತದೆ.

ಹೊಸ ವರ್ಷಕ್ಕೆ ಎಲ್ಲರೂ ಶಪಥ ಮಾಡುತ್ತಾರೆ. ನಾಳೆಯಿಂದ ಕಾಫಿ ಬಿಟ್ಟೆ, ದಿನಾ ವಾಕಿಂಗ್ ಎಂದು. ಸಂಕ್ರಾಂತಿಯ ಹೊತ್ತಿಗೆ ಅದು ಮುಗಿದಿರುತ್ತದೆ. ಹಸುವಿನ ಮೇವನ್ನೇ ಒಂದೇ ದಿನಕ್ಕೆ ಬದಲಾಯಿಸಬೇಡಿ, ವಾರ ಹತ್ತು ದಿನ ಸ್ವಲ್ಪ ಸ್ವಲ್ಪ ಬೆರೆಸಿ ಎನ್ನುತ್ತೇವಲ್ಲ, ಮನುಷ್ಯರ ಅಭ್ಯಾಸಕ್ಕೂ ಅದೇ ಸರಿ. ಇಡೀ ವರ್ಷದ ಮಾತು ಬೇಡ. ಯುಗಾದಿಯವರೆಗೆ, ಒಬ್ಬೊಬ್ಬರಿಗೆ ಒಂದೇ ಗುರಿ.

ನಿಮ್ಮ ಗುರಿ ರಕ್ತ ಪರೀಕ್ಷೆ. ನಾನು ದನದ ಡಾಕ್ಟರು, ನಿಮಗೆ ಮಾತ್ರೆ ಬರೆಯುವಂತಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಗರ್ಭಿಣಿಯಲ್ಲದ ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಕಬ್ಬಿಣಾಂಶದ ಮಾತ್ರೆ ಕೊಟ್ಟರೆ ಅವರು ಹೇಳಿದಷ್ಟು ದಿನವೂ ನುಂಗಿ. ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಿ ನಿಲ್ಲಿಸಬೇಡಿ. ಊಟವಾದ ತಕ್ಷಣ ಕಾಫಿ, ಟೀ ಕುಡಿದರೆ ಊಟದಲ್ಲಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ. ಸೊಪ್ಪಿನ ಸಾರಿಗೆ, ಹುರುಳಿ ಸಾರಿಗೆ ನಿಂಬೆಹಣ್ಣು ಹಿಂಡಿಕೊಳ್ಳಿ. ಡೇರಿಗೆ ಹಾಕುವ ಮೊದಲೇ ಮನೆಗೆ ಅರ್ಧ ಲೀಟರ್ ಹಾಲು ತೆಗೆದಿಡಿ. (ಹಾಲು ಒಕ್ಕೂಟದವನಾಗಿ ನಾನು ಇದನ್ನು ಹೇಳಬಾರದೇನೋ!)

ಇಡೀ ಮನೆಗೆ ಒಂದು ಗುರಿ ಬೇಕೆಂದರೆ ಉಪ್ಪು. ಒಬ್ಬರಿಗೆ ದಿನಕ್ಕೆ 5 ಗ್ರಾಂ ಮೀರಬಾರದು, ಅಂದರೆ ಒಂದು ಟೀ ಚಮಚ. ನಾಲ್ಕು ಜನರ ಮನೆಗೆ 1 ಕೆ.ಜಿ. ಪ್ಯಾಕೆಟ್ 50 ದಿನ ಬರಬೇಕು. ಒಡೆದ ದಿನವೇ ಪ್ಯಾಕೆಟ್ ಮೇಲೆ ತಾರೀಖು ಬರೆದಿಡಿ. ಈಗ 25 ದಿನಕ್ಕೆ ಮುಗಿಯುತ್ತಿದ್ದರೆ 50ಕ್ಕೆ ಹಾರಬೇಡಿ, ಮುಂದಿನದು 30 ದಿನ ಬರಲಿ. ಉಪ್ಪಿನಕಾಯಿ, ಅಂಗಡಿಯ ಕುರುಕಲಿನ ಉಪ್ಪು ಇದರಲ್ಲಿ ಸೇರಿಲ್ಲ, ನೆನಪಿರಲಿ.

ವಾಕಿಂಗ್ ನಿಮಗೆ ಬೇಡ. ಹುಲ್ಲು ಕೊಯ್ದು, ಹೊರೆ ಹೊತ್ತು, ಸಗಣಿ ಬಾಚಿದ ಮೈಗೆ ಬೇಕಾದದ್ದು ಮಧ್ಯಾಹ್ನ ಅರ್ಧ ಗಂಟೆ ಕಾಲು ಚಾಚಿ ಕೂರುವುದು. ನಡೆಯಬೇಕಾದವರು ಯಜಮಾನರು ಮತ್ತು ಮಗ. ಸಂಜೆ ಡೇರಿಗೆ ಬೈಕ್ ಬಿಟ್ಟು ನಡೆದೇ ಹಾಲು ಕೊಂಡೊಯ್ಯಲಿ. ಮೂವತ್ತು ದಾಟಿದವರೆಲ್ಲ ಅದೇ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಶುಗರ್ ಕೂಡ ನೋಡಿಸಿಕೊಳ್ಳಲಿ.

ರಕ್ತ ಪರೀಕ್ಷೆಯ ಚೀಟಿಯನ್ನು ಹಸುವಿನ ಚೀಟಿಗಳ ಜೊತೆಯಲ್ಲೇ ಇಡಿ. ಮುಂದಿನ ಸಲ ಬಂದಾಗ ಎರಡನ್ನೂ ಕೇಳುತ್ತೇನೆ.