ಕುಂಡದಲ್ಲಿ ಬಾಟಲಿಮರ

ಕ್ವೀನ್ಸ್‌ಲ್ಯಾಂಡಿನ ಬಾಟಲಿಮರ ಪೂರ್ವ ಆಸ್ಟ್ರೇಲಿಯಾದ ಒಣನಾಡಿನ ಮರ. ಕಾಂಡದ ನಡು ಉಬ್ಬಿ, ಮೇಲಕ್ಕೆ ಹೋದಂತೆ ಕತ್ತಿನ ಹಾಗೆ ಸಣ್ಣಗಾಗುವುದರಿಂದ ಆ ಹೆಸರು. ಸಸ್ಯಶಾಸ್ತ್ರ ಇದನ್ನು ಬ್ರಾಕಿಕೈಟನ್ ರುಪೆಸ್ಟ್ರಿಸ್ ಎನ್ನುತ್ತದೆ; ರುಪೆಸ್ಟ್ರಿಸ್ ಎಂದರೆ ಬಂಡೆಗಳ ನಡುವೆ ಬಾಳುವುದು. ಬಯಲಿನಲ್ಲಿ ಹತ್ತಿಪ್ಪತ್ತು ಮೀಟರ್ ಎತ್ತರಕ್ಕೆ ಏರುವ ಈ ಮರ ಬೊನ್ಸಾಯ್ ಬೆಳೆಗಾರರ ಕೈಯಲ್ಲಿ ಮೊಳದುದ್ದಕ್ಕೆ ನಿಂತರೂ ತನ್ನ ಹೊಟ್ಟೆಯನ್ನು ಬಿಟ್ಟುಕೊಡುವುದಿಲ್ಲ.

ಇದು ದಾಸವಾಳದ ಕುಟುಂಬಕ್ಕೆ ಸೇರಿದ ಮರ. ಜೇವರ್ಗಿ, ಅಫಜಲಪುರದ ಎರೆಹೊಲದ ಹತ್ತಿ, ಹಿತ್ತಲಿನ ಬೆಂಡೆ, ಆಳಂದ ತಾಲ್ಲೂಕಿನ ನಿಂಬರ್ಗಾದ ಕಡೆ ಜೋಳದ ರೊಟ್ಟಿಯೊಡನೆ ಉಣ್ಣುವ ಪುಂಡಿಪಲ್ಯ ಎಲ್ಲವೂ ಇದರ ಬಳಗವೇ. ಇದೇ ಬಳಗದ ದೊಡ್ಡ ಹೊಟ್ಟೆಯ ಮರವನ್ನು ಕರ್ನಾಟಕದಲ್ಲಿ ನೋಡಬೇಕೆಂದರೆ ಹಾವೇರಿ ಜಿಲ್ಲೆಯ ಸವಣೂರಿಗೆ ಹೋಗಬೇಕು. ಅಲ್ಲಿನ ಮಠದ ಆವರಣದ ‘ದೊಡ್ಡಹುಣಸೆ’ಗಳು ಹುಣಸೆಯಲ್ಲ, ಆಫ್ರಿಕಾ ಮೂಲದ ಬಾವೊಬಾಬ್. ಅದೇ ಬಾವೊಬಾಬಿನ ಇನ್ನೊಂದು ಜಾತಿ ವಾಯವ್ಯ ಆಸ್ಟ್ರೇಲಿಯಾದ ಕಿಂಬರ್ಲಿಯಲ್ಲಿದೆ. ಅಲ್ಲಿನವರು ಅದನ್ನು ಬೊವಾಬ್ ಎನ್ನುತ್ತಾರೆ. ಅದನ್ನೂ ಬಾಟಲಿಮರವೆಂದು ಕರೆಯುವುದುಂಟು, ಅದನ್ನೂ ಕುಂಡದಲ್ಲಿ ಬೆಳೆಸುತ್ತಾರೆ. ಆದರೆ ಬ್ರಾಕಿಕೈಟನ್‌ಗೂ ಬಾವೊಬಾಬಿಗೂ ನಂಟು ದೂರದ್ದು. ಒಂದೇ ಬಗೆಯ ಬರ ಎರಡಕ್ಕೂ ಬೇರೆಬೇರೆಯಾಗಿ ಒಂದೇ ಉಪಾಯ ಕಲಿಸಿತು.

ಆ ಉಪಾಯ ನೀರನ್ನು ಮೈಯೊಳಗೇ ಇಟ್ಟುಕೊಳ್ಳುವುದು. ತೇಗ, ಜಾಲಿಯ ಕಾಂಡದಲ್ಲಿ ಗಟ್ಟಿ ನಾರಿನದೇ ಮೇಲುಗೈ. ಬಾಟಲಿಮರದ ಕಾಂಡದಲ್ಲಿ ನೀರು ಮತ್ತು ಪಿಷ್ಟ ತುಂಬಿಕೊಳ್ಳುವ ಮೆತ್ತನೆಯ ಜೀವಕೋಶಗಳೇ ಹೆಚ್ಚು; ಕಟ್ಟಿಗೆಯಾಗಿ ಅದು ಅಷ್ಟೇನೂ ಬಾಳದು. ಬರಗಾಲದಲ್ಲಿ ಆಸ್ಟ್ರೇಲಿಯಾದ ರೈತರು ಈ ಮರ ಕಡಿದು ಒಳತಿರುಳನ್ನು ದನಗಳಿಗೆ ಹಾಕಿದ್ದುಂಟು. ಒಣಗಾಲ ಬಂದಾಗ ಮರ ಎಲೆ ಉದುರಿಸಿ ಖರ್ಚು ತಗ್ಗಿಸುತ್ತದೆ. ಎಳೆಯ ಸಸಿಯಲ್ಲಿ ದಪ್ಪವಾಗುವುದು ಮೊದಲು ಬೇರು: ಮಣ್ಣೊಳಗೆ ಗಜ್ಜರಿಯಂಥ ಗಡ್ಡೆ ಕಟ್ಟುತ್ತದೆ. ಅಲ್ಲಿನ ಮೂಲನಿವಾಸಿಗಳು ಅದನ್ನು ಅಗೆದು ತಿನ್ನುತ್ತಿದ್ದರು. ನೆಲದಲ್ಲಿ ಬೆಳೆದ ಗಿಡದ ಕಾಂಡ ಉಬ್ಬತೊಡಗುವುದು ಐದರಿಂದ ಎಂಟು ವರ್ಷಗಳ ಹೊತ್ತಿಗೆ.

ಬೊನ್ಸಾಯ್ ಬೆಳೆಗಾರನಿಗೆ ಈ ಗಡ್ಡೆಯೇ ಬಂಡವಾಳ. ಬೀಜದಿಂದ ಸಸಿ ಎಬ್ಬಿಸುವುದಾದರೆ ಎಚ್ಚರ: ಬೀಜಕ್ಕೆ ಚುಚ್ಚುವ ರೋಮಗಳಿರುತ್ತವೆ, ಬರಿಗೈಯಿಂದ ಬಿಡಿಸಬಾರದು. ಸಸಿ ಬಲಿತ ಮೇಲೆ ಪ್ರತಿ ಬಾರಿ ಕುಂಡ ಬದಲಿಸುವಾಗ ಗಿಡವನ್ನು ಸ್ವಲ್ಪ ಎತ್ತರಿಸಿ ನೆಟ್ಟರೆ ಗಡ್ಡೆ ಮೇಲೆ ಬಂದು ಕಾಂಡದ ಬುಡವಾಗಿ ಕಾಣುತ್ತದೆ. ಇಲ್ಲಿ ಅವಸರ ಸಲ್ಲದು. ಕಾಂಡ ದಪ್ಪಗಾಗಬೇಕಾದರೆ ಎಲೆ ಬೇಕು, ಎಲೆ ಹೆಚ್ಚಬೇಕಾದರೆ ಬೇರಿಗೆ ಜಾಗ ಬೇಕು. ಸಸಿಯನ್ನು ಮೊದಲೇ ಅಂಗೈಯಗಲದ ತಟ್ಟೆಕುಂಡಕ್ಕೆ ಹಾಕಿದರೆ ಅದು ಬದುಕುತ್ತದೆ, ಹೊಟ್ಟೆ ಮಾತ್ರ ಬಹಳ ನಿಧಾನ. ಕೆಲವು ವರ್ಷ ನೆಲದಲ್ಲೋ ದೊಡ್ಡ ಕುಂಡದಲ್ಲೋ ಬಿಟ್ಟು, ಬೇಕಾದ ದಪ್ಪ ಬಂದ ಮೇಲೆ ತುದಿ ಕತ್ತರಿಸಿ ಆಳವಿಲ್ಲದ ಕುಂಡಕ್ಕೆ ತರುವುದೇ ಸರಿಯಾದ ದಾರಿ. ಕತ್ತರಿಸಿದ ಕೆಳಗಿನಿಂದ ಹೊಸ ಚಿಗುರು ಧಾರಾಳವಾಗಿ ಒಡೆಯುತ್ತದೆ. ಬೇರು ಕಡಿಸಿಕೊಂಡೂ ಬದುಕುವ ಶಕ್ತಿ ಇದಕ್ಕಿದೆ. ಬೆಳೆದ ಮರಗಳನ್ನೇ ಕಿತ್ತು ಬೇರೆಡೆ ನೆಡುವುದು ಆಸ್ಟ್ರೇಲಿಯಾದಲ್ಲಿ ಸಾಮಾನ್ಯ. ದೂರದ ನಂಟಿನ ಬೊವಾಬಿನದೂ ಇದೇ ಕತೆ: 2008ರಲ್ಲಿ ಒಂದು ಬೃಹತ್ ಬೊವಾಬನ್ನು ಕಿಂಬರ್ಲಿಯಿಂದ ಪರ್ತ್‌ನ ಕಿಂಗ್ಸ್ ಪಾರ್ಕಿಗೆ 3,200 ಕಿಲೋಮೀಟರ್ ಸಾಗಿಸಿ ನೆಡಲಾಯಿತು.

ನಿಂಬರ್ಗಾದಂಥ ಊರಿನ ಬಿಸಿಲು ಈ ಗಿಡಕ್ಕೆ ಹೇಳಿಮಾಡಿಸಿದ್ದು, ಅಲ್ಲಿನ ಎರೆಮಣ್ಣು ಮಾತ್ರ ಕುಂಡಕ್ಕೆ ಆಗದು. ಎರೆ ನೀರು ಹಿಡಿದು ಬಿಗಿಯುತ್ತದೆ, ಒಣಗಿದರೆ ಬಿರಿಯುತ್ತದೆ. ನಿಂತ ನೀರಿನಲ್ಲಿ ಗಡ್ಡೆ ಕೊಳೆಯುತ್ತದೆ. ಗರಸು, ದಪ್ಪ ಉಸುಕು, ಇಟ್ಟಿಗೆ ಚೂರು, ಜೊತೆಗೆ ಸ್ವಲ್ಪ ಕಳಿತ ತಿಪ್ಪೆಗೊಬ್ಬರ ಸಾಕು. ಮೇಲ್ಮಣ್ಣು ಒಣಗಿದ ಮೇಲೆ ಕೆಳಗಿನ ತೂತಿನಿಂದ ಇಳಿದುಹೋಗುವಷ್ಟು ನೀರು ಹಾಕಬೇಕು. ಎಲೆ ಉದುರಿ ನಿಂತ ದಿನಗಳಲ್ಲಿ ನೀರು ಕಡಿಮೆ ಮಾಡಬೇಕು. ಬೋಳು ಗಿಡ ಕಂಡು ಮರುಗಿ ದಿನವೂ ನೀರೆರೆಯುವುದರಿಂದಲೇ ಹೆಚ್ಚು ಗಿಡಗಳು ಸಾಯುತ್ತವೆ. ಕುಂಡ ಬದಲಿಸುವ ಕೆಲಸ ಚಳಿ ಕಳೆದು ಚಿಗುರು ಒಡೆಯುವ ಮುನ್ನ ಮುಗಿಯಬೇಕು. ತೊಗಟೆ ಮೆತ್ತಗಿರುವುದರಿಂದ ಕೊಂಬೆ ಬಗ್ಗಿಸಲು ಸುತ್ತಿದ ತಂತಿ ಬೇಗ ಒಳಗಿಳಿಯುತ್ತದೆ. ಆಗಾಗ ನೋಡುತ್ತ, ಗುರುತು ಬೀಳುವ ಮೊದಲೇ ಬಿಚ್ಚಬೇಕು.